ಹಿತ್ತಲಿನ ಬಾತುಗಳೂ ಗಂಡಿನ ಉಪಟಳವೂ

ಇಂದಿನ ನಮ್ಮ ವಿಷಯವನ್ನು ಕೇಳಿದೊಡನೆ ಶ್ರೋತೃಗಳಲ್ಲಿ ಕೆಲವರಿಗಾದರೂ ನಗು ಬಾರದೆ ಇರದು. ಕಾಲೇಜಿನಲ್ಲಿ ಪಾಠ ಹೇಳಿಕೊಂಡಿರತಕ್ಕವರಿಗೆ ಬಾತುಕೋಳಿಯ ಗೊಡವೆ ಏತಕ್ಕೆಂದು ನಮ್ಮ ಮಿತ್ರರೇ ಕೇಳಿದ್ದುಂಟು. ಆ ಗೊಡವೆಯನ್ನು ನಮಗೆ ತಂದುಹಾಕಿದುದು ಬಸವನಹುಳು. ೧೮೪೭ರಲ್ಲಿ ಮಾರಿಷಸ್ ದ್ವೀಪದಿಂದ ಕಲ್ಕತ್ತೆಗೆ ಬಂದಿಳಿದ ಆಫ್ರಿಕದ ದೊಡ್ಡ ಬಸವನಹುಳುವಿನ ಸಂತತಿಯು ಕಾಲಕ್ರಮದಲ್ಲಿ ದೇಶದ ಉದ್ದಗಲಕ್ಕೂ ಹರಡಿ, ಮೈಸೂರಿನ ನಮ್ಮ ಹಿತ್ತಲಿಗೂ ದಯಮಾಡಿಸಿತು. ಮಳೆ ಬಿದ್ದ ಮರುದಿನ ಬಸಳೆಯಾಗಲಿ ಹರಿವೆಯಾಗಲಿ ಬಾಳೆಯ ಎಳೆಯ ಸುಳಿಯಾಗಲಿ ಒಂದೂ ಉಳಿಯುತ್ತಿರಲಿಲ್ಲ. ವಿಷದ ಪುಡಿಯನ್ನು ಚೆಲ್ಲಲು ಮನಸ್ಸು ಬಾರದೆ, ಹುಳುವಿನ ಮರಿಗಳನ್ನು ಬಾತುಗಳು ಆಯ್ದು ತಿನ್ನುವುವೆಂದು ಕೇಳಿ, ಖಾಕಿ ಕ್ಯಾಂಪ್‌ಬೆಲ್ ಜಾತಿಯ ಏಳು ಮರಿಗಳನ್ನು ಕೊಂಡುತಂದೆವು. ಈ ಜಾತಿಯನ್ನು ನೂರಿಪ್ಪತ್ತು ವರ್ಷಗಳಿಗೂ ಹಿಂದೆ ಇಂಗ್ಲೆಂಡಿನ ಗ್ಲಾಸ್ಟರ್‌ಷೈರಿನಲ್ಲಿ ಕ್ಯಾಂಪ್‌ಬೆಲ್ ಎಂಬ ಗೃಹಿಣಿಯೊಬ್ಬರು ಹೆಚ್ಚು ಮೊಟ್ಟೆಗಾಗಿ ಬೆಳೆಸಿದರು. ಬಣ್ಣ ಸಿಪಾಯಿಗಳ ಉಡುಪಿನಂತಿರುವುದರಿಂದ ಆ ಹೆಸರು. ನಮ್ಮದು ಮಾಂಸ ಬೇಯಿಸದ ಮನೆ. ಈ ಸಂಗತಿಯನ್ನು ಈಗಲೇ ಹೇಳಿಬಿಡುವುದು ಲೇಸು. ಮುಂದೆ ಬರುವ ತೊಡಕಿಗೆ ಅದೂ ಒಂದು ಕಾರಣವಾಯಿತು.

ಏಳರಲ್ಲಿ ನಾಲ್ಕು ಹೆಣ್ಣು, ಮೂರು ಗಂಡು ಎಂಬುದು ನಮಗೆ ತಿಳಿಯುವ ವೇಳೆಗೆ ಎರಡು ತಿಂಗಳು ಕಳೆದಿತ್ತು. ಮರಿಯಲ್ಲಿ ಗಂಡುಹೆಣ್ಣುಗಳನ್ನು ಗುರುತಿಸುವುದು ಪಳಗಿದವರ ಕೆಲಸ. ಉಳಿದವರಿಗೆ ಕಂಠವೇ ಮೊದಲ ಕುರುಹು. ಬೀದಿಗೆಲ್ಲ ಕೇಳುವಂತೆ ಗಟ್ಟಿಯಾಗಿ ಕೂಗತಕ್ಕದ್ದು ಹೆಣ್ಣು. ಗಂಡಿನ ಶ್ವಾಸನಾಳವು ಕವಲೊಡೆಯುವ ಎಡೆಯಲ್ಲಿ ಎಲುಬಿನದೊಂದು ಬುರುಡೆಯಿರುವುದರಿಂದ ಅದರ ಸ್ವರವು ನೆಗಡಿಯಾದವರ ಪಿಸುಮಾತಿನಂತೆ ಹೊರಡುತ್ತದೆ. ಪೂರ್ಣವಾಗಿ ಪುಕ್ಕ ಬಂದ ಮೇಲೆ ಗಂಡಿನ ಬಾಲದ ಮೇಲೆ ಎರಡು ಮೂರು ಗರಿಗಳು ಸುರುಳಿಗೊಂಡು ಮೇಲಕ್ಕೆ ಬಾಗುವುದು ಎರಡನೆಯ ಕುರುಹು. ಗದ್ದಲ ಮಾಡುವುದು ಒಂದು, ಕೇಡು ಮಾಡುವುದು ಇನ್ನೊಂದು. ನಾವು ಗದ್ದಲ ಮಾಡುವುದನ್ನೇ ಬಹುಕಾಲ ಬಯ್ಯುತ್ತಿದ್ದೆವು.

ಐದನೆಯ ತಿಂಗಳು ದಾಟುತ್ತಿದ್ದಂತೆ ಹಿತ್ತಲಿನ ಶಾಂತಿ ಕದಡಿತು. ಹೆಣ್ಣುಗಳ ಕತ್ತಿನ ಹಿಂಭಾಗದಲ್ಲಿ ಗರಿಗಳು ತೆಳುವಾಗುತ್ತ ಬಂದು, ರೂಪಾಯಿಯಗಲದ ಚರ್ಮ ಬೋಳಾಗಿ ಕಂಡಿತು. ಗರಿ ಉದುರುವ ಕಾಲವಿರಬೇಕೆಂದುಕೊಂಡೆವು. ಒಂದರ ಕಣ್ಣು ಊದಿಕೊಂಡು ನೊರೆ ಕಾಣಿಸಿತು, ಧೂಳು ಬಿದ್ದಿರಬೇಕೆಂದುಕೊಂಡೆವು. ಒಂದು ಭಾನುವಾರ ಬೆಳಗ್ಗೆ, ಹಿಂದೆ ದನಗಳಿಗೆ ನೀರಿಡುತ್ತಿದ್ದ ಕಲ್ಲಿನ ಬಾನಿಯಲ್ಲಿ, ನಾಲ್ಕರಲ್ಲಿ ಚಿಕ್ಕದಾಗಿದ್ದ ಹೆಣ್ಣು ಸತ್ತು ತೇಲುತ್ತಿತ್ತು. ಮುಂಗುಸಿಯ ಕೆಲಸವೆಂದು ಹಾಲು ತರುವಾಕೆ ಹೇಳಿದಳು. ಆದರೆ ಮೈಮೇಲೆ ಹಲ್ಲಿನ ಗಾಯ ಒಂದೂ ಇರಲಿಲ್ಲ. ನೀರಿನ ಹಕ್ಕಿ ನೀರಿನಲ್ಲಿ ಮುಳುಗಿ ಸಾಯುವುದೆಂದರೇನು? ಉತ್ತರ ಅದೇ ದಿನ ಮಧ್ಯಾಹ್ನ ದೊರೆಯಿತು. ಮೂರು ಗಂಡುಗಳೂ ಸೇರಿ ಇನ್ನೊಂದು ಹೆಣ್ಣನ್ನು ಅದೇ ಬಾನಿಗೆ ಅಟ್ಟಿಕೊಂಡು ಹೋಗಿ, ಕತ್ತಿನ ಗರಿಯನ್ನು ಕೊಕ್ಕಿನಿಂದ ಹಿಡಿದು, ಒಂದರ ಮೇಲೊಂದು ಏರಿ, ಅದರ ತಲೆಯು ನೀರಿನಿಂದ ಮೇಲೆ ಬಾರದಂತೆ ಒತ್ತುತ್ತಿದ್ದುದನ್ನು ಕಣ್ಣಾರೆ ಕಂಡೆವು. ಸಮಯಕ್ಕೆ ಕೈ ಹಾಕದಿದ್ದರೆ ಅದೂ ಉಳಿಯುತ್ತಿರಲಿಲ್ಲ.

ಇದನ್ನು ದುಷ್ಟತನವೆಂದು ಕರೆದು ಕೋಲು ಹಿಡಿಯುವುದು ಸುಲಭ. ಆ ದಿನ ನಾವು ಹಿಡಿದುದೂ ಕೋಲನ್ನೇ. ಆದರೆ ವಿಷಯವನ್ನು ಸ್ವಲ್ಪ ಓದಿ ನೋಡಿದ ಮೇಲೆ, ಕೋಲಿನಿಂದ ಆಗತಕ್ಕ ಕೆಲಸ ಇದಲ್ಲವೆಂದು ತೋರಿತು. ದಕ್ಷಿಣ ಅಮೆರಿಕದ ಮಸ್ಕವಿ ಬಾತೊಂದನ್ನು ಬಿಟ್ಟರೆ ಮನೆಯಲ್ಲಿ ಸಾಕುವ ಬಾತುಗಳೆಲ್ಲವೂ ಮಲಾರ್ಡ್ ಎಂಬ ಕಾಡು ಬಾತಿನ ಸಂತತಿ. ಕಾಡಿನಲ್ಲಿ ಇವು ಚಳಿಗಾಲದಲ್ಲಿಯೇ ಜೋಡಿಗೂಡುತ್ತವೆ. ಗಂಡು ತನ್ನ ಹೆಣ್ಣನ್ನು ಇತರ ಗಂಡುಗಳಿಂದ ಕಾಯುತ್ತದೆ. ಹೆಣ್ಣು ಕಾವಿಗೆ ಕುಳಿತ ಮೇಲೆ ಅದನ್ನು ಬಿಟ್ಟು ಹೊರಟುಹೋಗುತ್ತದೆ. ನಮ್ಮ ಕವಿಗಳು ಕೊಂಡಾಡಿದ ಚಕ್ರವಾಕ ದಂಪತಿಗಳೂ ಇದೇ ಕುಟುಂಬದ ಹಕ್ಕಿಗಳೇ, ನಿಜ. ಆದರೆ ಆ ಕೀರ್ತಿಯನ್ನು ಹಿತ್ತಲಿನ ಬಾತಿಗೆ ಹಂಚುವಂತಿಲ್ಲ. ಮಲಾರ್ಡ್ ಗಂಡು ತನ್ನ ಜೋಡಿಯನ್ನು ಕಾಯುತ್ತಿರುವಾಗಲೇ ಪರರ ಹೆಣ್ಣಿನ ಮೇಲೆ ಬಲಾತ್ಕಾರಕ್ಕೆ ಹೋಗುವುದುಂಟು. ಜೋಡಿ ಸಿಕ್ಕದ ಗಂಡುಗಳು ಗುಂಪುಗೂಡಿ ಅಟ್ಟುವುದೂ ಉಂಟು. ಆಗ ಕಾಡಿನ ಹೆಣ್ಣಿಗೆ ಎರಡು ಆಸರೆಗಳಿವೆ: ಹಾರಿಹೋಗಲು ರೆಕ್ಕೆ, ಅಡಗಲು ಜೊಂಡು. ಮನುಷ್ಯನು ಈ ಹಕ್ಕಿಯನ್ನು ಮನೆಗೆ ತಂದು, ತಲೆಮಾರುಗಳಿಂದ ಮೈ ಭಾರವಾಗುವಂತೆ ಸಾಕಿ, ಹಾರಾಟವನ್ನು ಕಿತ್ತುಕೊಂಡ. ಅನಂತರ ಸುತ್ತಲೂ ಗೋಡೆ ಕಟ್ಟಿದ. ಗಂಡಿನ ಸ್ವಭಾವ ಮಾತ್ರ ಇದ್ದಂತೆಯೇ ಉಳಿಯಿತು. ಓಡಿಹೋಗಲು ದಾರಿಯಿಲ್ಲದ ಹಿತ್ತಲಿನಲ್ಲಿ ಮೂರು ಗಂಡುಗಳನ್ನೂ ನಾಲ್ಕು ಹೆಣ್ಣುಗಳನ್ನೂ ಒಟ್ಟಿಗೆ ಬಿಟ್ಟವರು ನಾವು. ಬಾನಿಯಲ್ಲಿ ತೇಲುತ್ತಿದ್ದ ಹಕ್ಕಿಯ ಲೆಕ್ಕವನ್ನು ಯಾರ ಹೆಸರಿನಲ್ಲಿ ಬರೆಯಬೇಕೆಂಬುದು ಅಲ್ಲಿಗೆ ಸ್ಪಷ್ಟವಾಯಿತು.

ಈ ಬಲಾತ್ಕಾರವು ಎಷ್ಟು ಹಳೆಯದೆಂಬುದಕ್ಕೆ ಹಕ್ಕಿಗಳ ಶರೀರದಲ್ಲಿಯೇ ಸಾಕ್ಷ್ಯವಿದೆ. ಪೆಟ್ರೀಷಿಯಾ ಬ್ರೆನನ್ ಎಂಬ ವಿದುಷಿಯೂ ಅವರ ಸಂಗಡಿಗರೂ ೨೦೦೭ರಲ್ಲಿ ಪ್ರಕಟಿಸಿದ ಸಂಶೋಧನೆಯಂತೆ, ಯಾವ ಜಾತಿಯ ಬಾತುಗಳಲ್ಲಿ ಈ ಉಪಟಳ ಹೆಚ್ಚೋ ಆ ಜಾತಿಯ ಗಂಡಿನ ಅಂಗವು ಉದ್ದವಾಗಿ ಒಂದು ದಿಕ್ಕಿಗೆ ಸುರುಳಿಗೊಂಡಿರುತ್ತದೆ. ಹೆಣ್ಣಿನ ಗರ್ಭಮಾರ್ಗವು ಅದಕ್ಕೆ ಪ್ರತಿಯಾಗಿ ವಿರುದ್ಧ ದಿಕ್ಕಿಗೆ ತಿರುಚಿಕೊಂಡು, ನಡುವೆ ಕುರುಡು ಓಣಿಗಳನ್ನು ಬೆಳೆಸಿಕೊಂಡಿರುತ್ತದೆ. ಬೇಡದ ಗಂಡಿನ ಸಂತಾನವನ್ನು ತಡೆಯಲು ಹೆಣ್ಣಿನ ದೇಹವು ಕಟ್ಟಿಕೊಂಡ ಕೋಟೆ ಅದು. ಸಭ್ಯರ ಮನೆಗಳಲ್ಲಿ ಕೇಳುವ ಭಾಷಣವಾದುದರಿಂದ ಈ ವಿವರವನ್ನು ಇಲ್ಲಿಗೇ ನಿಲ್ಲಿಸುತ್ತೇವೆ. ಆದರೆ ಇದರಿಂದ ಒಂದು ಎಚ್ಚರಿಕೆ ಹೊರಡುತ್ತದೆ, ಅದನ್ನು ಹೇಳದೆ ಬಿಡಲಾಗದು. ಹುಂಜಕ್ಕೆ ಇಂಥ ಅಂಗವಿಲ್ಲ. ಆದುದರಿಂದ ಕೋಳಿಹೇಂಟೆಯ ದೇಹವು ಇದನ್ನು ತಾಳುವಂತೆ ರಚಿತವಾಗಿಲ್ಲ. ಗಂಡುಬಾತು ಹೇಂಟೆಯ ಮೇಲೆ ಹೋದರೆ ಒಳಗೆ ಗಾಯವಾಗಿ ಹೇಂಟೆ ಸತ್ತೀತು. ನೆರೆಮನೆಯವರ ನಾಟಿ ಕೋಳಿಗಳು ಬೇಲಿ ನುಸುಳಿ ನಮ್ಮಲ್ಲಿಗೆ ಬರುತ್ತಿದ್ದುವು. ಬೇಲಿಯ ಕಂಡಿಗಳನ್ನು ನಾವು ಆ ವಾರವೇ ಮುಚ್ಚಿಸಿದೆವು.

ಇನ್ನು ಉಪಾಯಗಳ ಮಾತು. ಎಲ್ಲಕ್ಕಿಂತ ಮೊದಲನೆಯದು ಲೆಕ್ಕ. ಒಂದು ಗಂಡಿಗೆ ಕಡಮೆಯೆಂದರೆ ನಾಲ್ಕೈದು ಹೆಣ್ಣುಗಳಿರಬೇಕು. ಖಾಕಿ ಕ್ಯಾಂಪ್‌ಬೆಲ್ಲಿನಂಥ ಹಗುರವಾದ ಚುರುಕು ಜಾತಿಯಲ್ಲಿ ಆರೇಳಿದ್ದರೆ ಇನ್ನೂ ಒಳ್ಳೆಯದು. ಎರಡು ಗಂಡುಗಳನ್ನು ಇಡಬೇಕೆನ್ನುವವರು ಹತ್ತು ಹನ್ನೆರಡು ಹೆಣ್ಣುಗಳಿಗೂ ಅದಕ್ಕೆ ತಕ್ಕ ಬಯಲಿಗೂ ಸಿದ್ಧರಾಗಿರಬೇಕು. ಪಟ್ಟಣದ ಹಿತ್ತಲಿನಲ್ಲಿ ಇದು ಎಲ್ಲಿಂದ ಬರಬೇಕು? ಮರಿಗಳಲ್ಲಿಯಾದರೋ ಪ್ರಕೃತಿಯು ಅರ್ಧಕ್ಕರ್ಧ ಗಂಡುಗಳನ್ನೇ ಕೊಡುತ್ತದೆ. ಆದ್ದರಿಂದ ಮರಿ ಕೊಳ್ಳತಕ್ಕವನು ಮಿಕ್ಕ ಗಂಡುಗಳನ್ನು ಏನು ಮಾಡುವೆನೆಂಬುದನ್ನು ಕೊಳ್ಳುವ ದಿನವೇ ಗೊತ್ತುಮಾಡಿಕೊಂಡಿರಬೇಕು. ನಾವು ಗೊತ್ತುಮಾಡಿಕೊಂಡಿರಲಿಲ್ಲ. ಬೆಳೆದ ಹೆಣ್ಣುಗಳನ್ನೇ ಕೊಳ್ಳಲು ಬೆಲೆ ಸ್ವಲ್ಪ ಹೆಚ್ಚಾದರೂ ಮುಂದಿನ ಸಂಕಟ ತಪ್ಪುತ್ತದೆ.

ಇದಕ್ಕಿಂತಲೂ ಮುಖ್ಯವಾದ, ವಿದ್ಯಾವಂತರಲ್ಲಿಯೂ ಹಲವರು ಅರಿಯದ ಮಾತೊಂದುಂಟು. ಮೊಟ್ಟೆಗೆ ಗಂಡು ಬೇಕೇ ಬೇಕೆಂದು ಜನ ನಂಬಿದ್ದಾರೆ. ಮರಿಯಾಗುವ ಮೊಟ್ಟೆಗೆ ಬೇಕು. ಬರಿಯ ಮೊಟ್ಟೆಗೆ ಬೇಡ. ಹೆಣ್ಣುಬಾತು ಗಂಡಿನ ಮುಖವನ್ನೇ ಕಾಣದಿದ್ದರೂ ಕಾಲಕ್ಕೆ ಸರಿಯಾಗಿ ಮೊಟ್ಟೆಯಿಡುತ್ತದೆ. ಬಸವನಹುಳು ತಿನ್ನುವುದಕ್ಕಂತೂ ಗಂಡಿನ ಆವಶ್ಯಕತೆ ಎಳ್ಳಷ್ಟೂ ಇಲ್ಲ. ಮರಿ ಮಾಡಿಸುವ ಉದ್ದೇಶವಿಲ್ಲದ ಮನೆಯಲ್ಲಿ ಒಂದು ಗಂಡೂ ಇಲ್ಲದಿರುವುದೇ ಉತ್ತಮವೆಂಬುದು ನಮ್ಮ ಖಚಿತವಾದ ಅಭಿಪ್ರಾಯ. ಗಂಡುಗಳನ್ನು ಬೇರ್ಪಡಿಸಿದ ಮೇಲೆ ನಮ್ಮ ಮೂರು ಹೆಣ್ಣುಗಳ ಮೊಟ್ಟೆಯಲ್ಲಿ ಕೊರತೆ ಬೀಳಲಿಲ್ಲ. ಮೊಟ್ಟೆ ಒಯ್ಯುವ ನೆರೆಹೊರೆಯವರು ಇದಕ್ಕೆ ಸಾಕ್ಷಿ.

ಎರಡನೆಯದು ನೀರು. ಬಾತಿಗೆ ಈಜಲು ಕೊಳವಿಲ್ಲದಿದ್ದರೂ ನಡೆಯುತ್ತದೆ. ಆದರೆ ಕಣ್ಣು ಮೂಗುಗಳನ್ನು ತೊಳೆದುಕೊಳ್ಳಲು ತಲೆ ಪೂರ್ಣವಾಗಿ ಮುಳುಗುವಷ್ಟು ನೀರು ಇರಲೇಬೇಕು. ಆಳವಾಗಿ, ಗೋಡೆ ನೆಟ್ಟಗಿರುವ ಬಾನಿ ಮಾತ್ರ ಕೂಡದು. ಅದರೊಳಗೆ ಸಿಕ್ಕಿದ ಹೆಣ್ಣಿಗೆ ಕಾಲೂರಲು ನೆಲವಿಲ್ಲ, ಹತ್ತಿ ಹೋಗಲು ದಾರಿಯಿಲ್ಲ. ನಾವು ಕಲ್ಲಿನ ಬಾನಿಯನ್ನು ಬೋರಲುಹಾಕಿ, ಆರು ಅಂಗುಲ ಆಳದ, ನಾಲ್ಕು ಕಡೆಗೂ ಇಳಿಜಾರಾದ ಸಿಮೆಂಟಿನ ಗುಂಡಿಯೊಂದನ್ನು ಮಾಡಿಸಿದೆವು. ಮೂರನೆಯದಾಗಿ, ಅಂಗಳದಲ್ಲಿ ಒಂದೇ ಕಣ್ಣಳತೆಗೆ ಎಲ್ಲವೂ ಕಾಣುವಂತಿರಬಾರದು. ಬಾಳೆಯ ಪೊದೆ, ಓರೆಯಾಗಿ ನಿಲ್ಲಿಸಿದ ಹಲಗೆ, ಎರಡು ಬಾಗಿಲಿನ ಗೂಡು, ಇಂಥವು ಕಾಡಿನ ಜೊಂಡಿನ ಕೆಲಸವನ್ನು ಸ್ವಲ್ಪಮಟ್ಟಿಗಾದರೂ ಮಾಡುತ್ತವೆ. ಒಂದೇ ಬಾಗಿಲಿನ ಇಕ್ಕಟ್ಟಾದ ಗೂಡಿನಲ್ಲಿ ರಾತ್ರಿಯೆಲ್ಲ ಗಂಡಿನ ಜೊತೆ ಕೂಡಿಹಾಕುವುದು ಹೆಣ್ಣಿಗೆ ಶಿಕ್ಷೆಯೇ ಸರಿ.

ಬೆಳಕಿನ ವಿಷಯವು ವಿಚಿತ್ರವಾದುದು. ಫ್ರಾನ್ಸಿನ ಜಾಕ್ ಬೆನ್ವಾ ಎಂಬ ಶರೀರಶಾಸ್ತ್ರಜ್ಞರು ೧೯೩೦ರ ದಶಕದಲ್ಲಿ ಬಾತುಗಳ ಮೇಲೆ ಪ್ರಯೋಗ ನಡೆಸಿ, ದೀಪದ ಬೆಳಕಿನಿಂದ ಹಗಲನ್ನು ಉದ್ದಮಾಡಿದರೆ ಗಂಡಿನ ವೃಷಣಗಳು ಅಕಾಲದಲ್ಲಿಯೇ ಬೆಳೆಯುವುವೆಂದು ತೋರಿಸಿದರು. ಕಣ್ಣಿಲ್ಲದ ಬಾತುಗಳಲ್ಲಿಯೂ ಹಾಗೆಯೇ ಆಯಿತು. ಬೆಳಕು ತಲೆಬುರುಡೆಯನ್ನು ಹಾದು ಮಿದುಳನ್ನೇ ಮುಟ್ಟುತ್ತದೆ. ನಿರ್ನಾಳ ಗ್ರಂಥಿಗಳಿಂದ ಸ್ರವಿಸುವ ಟೆಸ್ಟಾಸ್ಟಿರೋನ್ ಎಂಬ ರಸವು ರಕ್ತದಲ್ಲಿ ಏರುತ್ತದೆ, ಅದರೊಡನೆ ಗಂಡಿನ ಮದವೂ ಏರುತ್ತದೆ. ಉತ್ತರದ ಶೀತದೇಶಗಳಲ್ಲಿ ವಸಂತ ಬರುತ್ತಲೇ ಬಾತುಗಳ ಜಗಳ ಹೊತ್ತಿಕೊಳ್ಳುವುದು ಇದರಿಂದ. ಮೈಸೂರಿನಲ್ಲಿ ವರ್ಷದ ಅತಿ ದೀರ್ಘವಾದ ಹಗಲಿಗೂ ಅತಿ ಹ್ರಸ್ವವಾದ ಹಗಲಿಗೂ ಒಂದೂವರೆ ಗಂಟೆಯಷ್ಟೇ ಅಂತರವಾದುದರಿಂದ, ಇಂಥ ತಿಂಗಳಿಗೆ ಜಗಳ ಮುಗಿಯುತ್ತದೆಂದು ಕಾಯುತ್ತ ಕೂರುವಂತಿಲ್ಲ. ನಮ್ಮ ಗೂಡಿನ ಮೇಲೆಯೇ ಇರುಳಿಡೀ ಉರಿಯುತ್ತಿದ್ದ ಹಿತ್ತಲ ದೀಪವನ್ನು ನಾವು ಆರಿಸಿದೆವು. ಅದರಿಂದಲೇ ಎಷ್ಟು ಗುಣವಾಯಿತೆಂದು ತೂಗಿ ಹೇಳಲಾರೆವು. ವಿದ್ಯುತ್ತಿನ ಖರ್ಚಂತೂ ಉಳಿಯಿತು.

ಇಷ್ಟರಲ್ಲಿ ಮುಗಿದಿದ್ದರೆ ಈ ಭಾಷಣವೂ ಮುಗಿಯುತ್ತಿತ್ತು. ಆದರೆ ಮೂರು ಗಂಡುಗಳಲ್ಲಿ ಒಂದರ ಕಥೆಯೇ ಬೇರೆ. ತಂದ ಏಳು ಮರಿಗಳಲ್ಲಿ ಒಂದು ಬಡಕಲಾಗಿದ್ದುದರಿಂದ ನಮ್ಮ ಮಗಳು ಅದನ್ನು ಒಳಮನೆಯಲ್ಲಿ ಬುಟ್ಟಿಯಲ್ಲಿಟ್ಟು, ನೆನೆಸಿದ ಅಕ್ಕಿನುಚ್ಚನ್ನು ಕೈಯಿಂದಲೇ ತಿನ್ನಿಸಿ ಬದುಕಿಸಿದಳು. ಭೀಮನೆಂದು ಹೆಸರಿಟ್ಟಳು. ಅವಳು ಹೋದಲ್ಲೆಲ್ಲ ಅದು ಹಿಂದೆ ಓಡುತ್ತಿತ್ತು. ಬಂದವರೆಲ್ಲರೂ ನೋಡಿ ಸಂತೋಷಪಟ್ಟರು. ಐದು ತಿಂಗಳು ತುಂಬಿದ ಮೇಲೆ ಅದೇ ಭೀಮ ಅವಳ ಲಂಗದ ಅಂಚನ್ನು ಕಚ್ಚಿ ಜಗ್ಗತೊಡಗಿತು. ಅನಂತರ ಕಾಲು. ಹಾಲಿನವಳ ಹಿಮ್ಮಡಿಯಲ್ಲಿ ರಕ್ತ ಬಂದ ದಿನ ಅವಳು ಹಿತ್ತಲ ಬಾಗಿಲಿಗೆ ಬರುವುದನ್ನೇ ಬಿಟ್ಟಳು. ಬೇರೆ ಎರಡು ಗಂಡುಗಳು ಮನುಷ್ಯರನ್ನು ಕಂಡರೆ ದೂರ ಹೋಗುತ್ತಿದ್ದುವು. ಭೀಮ ಮಾತ್ರ ಎದುರಿಗೆ ಬರುತ್ತಿತ್ತು.

ಪ್ರೀತಿಯಿಂದ ಸಾಕಿದುದೇ ಹೀಗೇಕಾಯಿತು? ಆಸ್ಟ್ರಿಯದ ಕೊನ್ರಾಡ್ ಲೊರೆನ್ಸರು ೧೯೩೫ರಲ್ಲಿ ಪ್ರಕಟಿಸಿದ ದೀರ್ಘಪ್ರಬಂಧವೊಂದರಲ್ಲಿ ಇದರ ಬೀಜವಿದೆ. ಅದೇ ವರ್ಷ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ಬಾನುಲಿಯನ್ನು ಆರಂಭಿಸಿದರೆಂಬುದನ್ನು ಬಾನುಲಿಯ ಕೇಳುಗರಿಗೆ ನೆನಪಿಸಿದರೆ ತಪ್ಪಾಗಲಾರದು. ಮೊಟ್ಟೆಯೊಡೆದು ಬಂದ ಬಾತು ಹೆಬ್ಬಾತುಗಳ ಮರಿಗಳು ಮೊದಲ ಗಂಟೆಗಳಲ್ಲಿ, ಮೊದಲ ದಿನಗಳಲ್ಲಿ ಯಾರ ಬೆನ್ನು ಹತ್ತುವುವೋ ಅವರನ್ನೇ ತಾಯಿಯೆಂದು ತಿಳಿಯುತ್ತವೆ. ಆ ಮುದ್ರೆ ಸುಲಭವಾಗಿ ಅಳಿಯುವುದಿಲ್ಲ. ಮುಂದಿನ ಪ್ರಯೋಗಗಳು ಇನ್ನೊಂದು ಸಂಗತಿಯನ್ನು ತಿಳಿಸಿದುವು: ಗಂಡುಬಾತು ಬೆಳೆದ ಮೇಲೆ ಜೋಡಿಯನ್ನು ಹುಡುಕುವುದೂ, ಎದುರಾಳಿಯನ್ನು ಕಾಣುವುದೂ ತನ್ನನ್ನು ಸಾಕಿದ ಜಾತಿಯಲ್ಲಿಯೇ. ಲೊರೆನ್ಸರಿಗೆ ೧೯೭೩ರಲ್ಲಿ ಇತರ ಇಬ್ಬರೊಡನೆ ನೊಬೆಲ್ ಪಾರಿತೋಷಕ ಬಂದಿತು. ಅಂದರೆ ಭೀಮನ ಕಣ್ಣಿಗೆ ನಾವು ಮನುಷ್ಯರಲ್ಲ, ದೊಡ್ಡ ಗಾತ್ರದ ಬಾತುಗಳು. ಮಗಳು ಅದಕ್ಕೆ ಹೆಣ್ಣು. ಹಾಲಿನವಳೂ ನಾವೂ ಅದರ ಹೆಣ್ಣಿಗೆ ಅಡ್ಡಬಂದ ಗಂಡುಗಳು. ಹಳ್ಳಿಗಳಲ್ಲಿ ಬಾತಿನ ಮೊಟ್ಟೆಯನ್ನು ಕೋಳಿಯ ಕಾವಿಗೆ ಇಡುವ ವಾಡಿಕೆಯುಂಟಷ್ಟೆ. ಹಾಗೆ ಹುಟ್ಟಿದ ಗಂಡು ಹೇಂಟೆಗಳ ಬೆನ್ನು ಹತ್ತಿದರೆ ಅದಕ್ಕೂ ಕಾರಣ ಇದೇ. ಮರಿಯೊಂದನ್ನೇ ಬೇರೆಯಾಗಿ ಸಾಕಬಾರದು. ಬಡಕಲಾದುದಕ್ಕೆ ಶುಶ್ರೂಷೆ ಮಾಡಲೇಬೇಕಾದರೆ ಜೊತೆಗೆ ಇನ್ನೊಂದು ಮರಿಯನ್ನಾದರೂ ಬುಟ್ಟಿಯಲ್ಲಿಡಬೇಕು.

ಕಚ್ಚಲು ಬಂದ ಗಂಡಿಗೆ ಬೆನ್ನು ತೋರಿಸಿ ಓಡಿದರೆ ಗೆದ್ದೆನೆಂದು ತಿಳಿಯುತ್ತದೆ. ಒದ್ದರೆ ಯುದ್ಧವೆಂದು ತಿಳಿಯುತ್ತದೆ. ಎರಡೂ ಬೇಡ. ರೆಕ್ಕೆಗಳು ಬಿಚ್ಚದಂತೆ ಎರಡು ಕೈಗಳಿಂದ ಹಿಡಿದೆತ್ತಿ, ಕಂಕುಳಿನಲ್ಲಿ ಅವುಚಿಕೊಂಡು, ಒದ್ದಾಟ ನಿಲ್ಲುವವರೆಗೂ ಸುಮ್ಮನೆ ನಡೆದಾಡಿ ಕೆಳಗಿಳಿಸುವುದು ಸರಿಯಾದ ಮಾರ್ಗ. ಪ್ರತಿಸಲವೂ, ಮನೆಯವರೆಲ್ಲರೂ ಹಾಗೆಯೇ ಮಾಡಬೇಕು. ಕೈಯಿಂದ ತಿನ್ನಿಸುವುದನ್ನು ನಿಲ್ಲಿಸಬೇಕು. ಮಗಳಿಗೆ ಇದು ಎಲ್ಲಕ್ಕಿಂತ ಕಷ್ಟವಾಯಿತು. ಭೀಮ ಒಂದು ತಿಂಗಳಲ್ಲಿ ನಮ್ಮ ಕಾಲನ್ನು ಬಿಟ್ಟಿತು. ಅವಳ ಲಂಗವನ್ನು ಮಾತ್ರ ಇಂದಿಗೂ ಪೂರ್ತಿ ಬಿಟ್ಟಿಲ್ಲ. ಗಾಯವಾದ ಹೆಣ್ಣನ್ನು ಕೂಡಲೆ ಬೇರೆಯಿಟ್ಟು, ಉಪ್ಪುನೀರಿನಿಂದ ತೊಳೆದು, ಗರಿ ಬರುವವರೆಗೂ ಗಂಡಿಗೆ ತೋರಿಸಬಾರದು. ಕಣ್ಣು ಊದಿದ್ದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ಪಶುವೈದ್ಯರಲ್ಲಿಗೆ ಒಯ್ಯಬೇಕು. ನಾವು ತಡಮಾಡಿದುದರಿಂದ ಒಂದಕ್ಕೆ ಎಡಗಣ್ಣು ಹೋಯಿತು.

ಮಿಕ್ಕ ಗಂಡುಗಳ ಪ್ರಶ್ನೆಯನ್ನು ಎಷ್ಟು ದಿನ ಮುಂದೂಡಲಾದೀತು? ಮಾಂಸ ತಿನ್ನುವ ಮನೆಯಲ್ಲಿ ಅದು ಪ್ರಶ್ನೆಯೇ ಅಲ್ಲ. ನಮ್ಮಂಥವರು ಯಾರಿಗಾದರೂ ಕೊಟ್ಟು ಕೈತೊಳೆದುಕೊಂಡರೆ, ಕತ್ತಿಯನ್ನು ಇನ್ನೊಬ್ಬರ ಕೈಗೆ ಕೊಟ್ಟಂತೆಯೇ ಆಗುತ್ತದೆ. ಹೆಣ್ಣುಗಳಿಲ್ಲದ ಕಡೆ ಗಂಡುಗಳು ತಮ್ಮತಮ್ಮೊಳಗೆ ಬಹುಮಟ್ಟಿಗೆ ಸಾಧುವಾಗಿ ಬಾಳುತ್ತವೆಂಬುದೊಂದು ಸಮಾಧಾನ. ಹಿತ್ತಲಿನ ಮೂರನೆಯ ಒಂದು ಭಾಗವನ್ನು ಜಾಲರಿ ತಂತಿಯಿಂದ ಬೇರೆಮಾಡಿ ಮೂರನ್ನೂ ಅಲ್ಲಿ ಬಿಟ್ಟೆವು. ಮೊದಲು ಏನೂ ಪ್ರಯೋಜನ ಕಾಣಲಿಲ್ಲ; ತಂತಿಯಾಚೆ ಹೆಣ್ಣುಗಳನ್ನು ನೋಡುತ್ತ ದಿನವೆಲ್ಲ ಕಾದಾಡಿದುವು. ತಂತಿಗೆ ಬಿದಿರಿನ ತಡಿಕೆ ಕಟ್ಟಿ ಮರೆಮಾಡಿದ ಮೇಲೆ ನಾಲ್ಕಾರು ದಿನಗಳಲ್ಲಿ ಜಗಳ ಇಳಿಯಿತು. ಆದರೂ ಆ ಜಾಗ ಮೂರಕ್ಕೆ ಸಾಲದು. ನಾಲೆಯ ಬಯಲಿನಲ್ಲಿ ಮೂವತ್ತು ನಲವತ್ತು ಬಾತುಗಳನ್ನು ಗದ್ದೆಗೆ ಬಿಟ್ಟು ಸಾಕುವ ರೈತರೊಬ್ಬರನ್ನು ಕಂಡು, ಎರಡನ್ನು ತೆಗೆದುಕೊಳ್ಳಬೇಕೆಂದು ಕೇಳಿದೆವು.

“ಮೇಷ್ಟ್ರೆ, ನಿಮಗೆ ಸುಳ್ಳು ಯಾಕೆ ಹೇಳ್ಲಿ?” ಎಂದರು ಅವರು. “ನನ್ನ ಹಿಂಡಿಗೆ ಒಂದು ಗಂಡು ಬೇಕು, ಅದ ಮಡಿಕ್ಕೊತೀನಿ. ಎರಡ್ನೇದು ತಂದ್ರೆ ಅದು ಹಬ್ಬದ ತನಕ.”

ಮನೆಗೆ ಬಂದು ಮಗಳಿಗೆ ಇದ್ದುದನ್ನು ಇದ್ದಂತೆಯೇ ಹೇಳಿದೆವು. ಅವಳು ಬಹಳ ಹೊತ್ತು ಸುಮ್ಮನಿದ್ದು, “ಅಪ್ಪ, ಹಾಗಾದರೆ ಒಂದನ್ನೇ ಕೊಡೋಣ” ಎಂದಳು. ಭೀಮನನ್ನು ಕೊಡಲು ಆಗದು. ಮನುಷ್ಯರ ಬೆನ್ನು ಹತ್ತುವ ಹಕ್ಕಿಯನ್ನು ಹಿಂಡಿಗೆ ಬಿಟ್ಟರೆ ಅದು ಹಬ್ಬದವರೆಗೂ ಉಳಿಯುವುದಿಲ್ಲ. ಒಂದನ್ನೇ ಒಂಟಿಯಾಗಿ ಕೂಡಿಹಾಕುವುದೂ ಬಾತಿನಂಥ ಗುಂಪಿನ ಜೀವಕ್ಕೆ ಸಲ್ಲದು. ಹಾಗಾಗಿ ಮೂರರಲ್ಲಿ ದೊಡ್ಡದನ್ನು ರೈತರಿಗೆ ಕೊಟ್ಟೆವು. ಭೀಮನೂ ಅದರ ಸಂಗಡಿಗನೂ ತಡಿಕೆಯ ಈಚೆ ಉಳಿದವು. ಇವೆರಡಕ್ಕೂ ಬಸವನಹುಳು ಸಾಲದೆ ರಾಗಿಯನ್ನೂ ತೌಡನ್ನೂ ಕೊಂಡು ಹಾಕುತ್ತಿದ್ದೇವೆ. ಮೊಟ್ಟೆಯಿಡದ ಈ ಬ್ರಹ್ಮಚಾರಿಗಳ ತಿಂಗಳ ಖರ್ಚನ್ನು ಮನೆಯಾಕೆ ಲೆಕ್ಕದ ಪುಸ್ತಕದಲ್ಲಿ ನಮ್ಮ ಹೆಸರಿನ ಕೆಳಗೆ ಬರೆಯುತ್ತಾರೆ. ಹೆಣ್ಣುಗಳ ಕತ್ತಿನಲ್ಲಿ ಗರಿ ಮರಳಿ ಬಂದಿದೆ. ಒಂಟಿಗಣ್ಣಿನದೂ ಗುಂಡಿಯಲ್ಲಿ ನಿಶ್ಚಿಂತೆಯಿಂದ ಮುಳುಗು ಹಾಕುತ್ತದೆ. ರೈತರಿಗೆ ಕೊಟ್ಟ ಗಂಡು ಹೇಗಿದೆಯೆಂದು ಮಗಳು ಆಗಾಗ ಕೇಳುತ್ತಾಳೆ. ನಾಲೆಯ ಕಡೆಗೆ ಹೋದಾಗ ವಿಚಾರಿಸಿಕೊಂಡು ಬರುತ್ತೇವೆಂದು ಹೇಳಿದ್ದೇವೆ. ನಡುವೆ ಎರಡು ಹಬ್ಬಗಳು ಕಳೆದಿವೆ. ನಾವು ಇನ್ನೂ ಆ ಕಡೆಗೆ ಹೋಗಿಲ್ಲ.